ನಾಯಕರ ಬ್ಯಾಂಕು, ಠೇವಣಿದಾರರ ಮಾನ

2021ರ ಜೂನ್ ತಿಂಗಳ ಹತ್ತು ದಿನಗಳಲ್ಲಿ ಠಾಣೆ ಮತ್ತು ನವಿ ಮುಂಬಯಿಯಲ್ಲಿ ನಾಲ್ಕು ಸುದ್ದಿಗಳು ಬಂದವು. 15ರಂದು ಪನ್ವೇಲ್‌ನ ಮಾಜಿ ಶಾಸಕ ವಿವೇಕ್ ಪಾಟೀಲ್ ಅವರನ್ನು ಜಾರಿ ನಿರ್ದೇಶನಾಲಯ (ಇ.ಡಿ.) ಬಂಧಿಸಿತು. ನಾಲ್ಕು ಬಾರಿ ವಿಧಾನಸಭೆಗೆ ಗೆದ್ದವರು, ಶೇತ್ಕರಿ ಕಾಮಗಾರ್ ಪಕ್ಷದ ದೊಡ್ಡ ಹೆಸರು, ಕರ್ನಾಳಾ ನಗರಿ ಸಹಕಾರಿ ಬ್ಯಾಂಕಿನ ಸ್ಥಾಪಕ ಅಧ್ಯಕ್ಷರು. ಅದೇ ವಾರ ಠಾಣೆಯ ಶಿವಸೇನಾ ಶಾಸಕ ಪ್ರತಾಪ್ ಸರನಾಯಿಕ್ ಅವರು ಅಂದಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಅವರಿಗೆ ಬರೆದ ಪತ್ರ ಹೊರಬಿತ್ತು. ಬಿಜೆಪಿ ಜತೆ ಮತ್ತೆ ಕೈಜೋಡಿಸುವುದು ಒಳ್ಳೆಯದು, ಕೇಂದ್ರ ತನಿಖಾ ಸಂಸ್ಥೆಗಳ ಕಿರುಕುಳದಿಂದ ನಮಗೆ ಬಿಡುಗಡೆಯಾದೀತು ಎಂಬುದು ಅದರ ಸಾರ. 24ರಂದು ನಗರಾಭಿವೃದ್ಧಿ ನಿಗಮವಾದ ಸಿಡ್ಕೊದ ಬೇಲಾಪುರ ಭವನದತ್ತ ಜನಸಾಗರ ಹರಿಯಿತು. ಹೊಸ ವಿಮಾನ ನಿಲ್ದಾಣಕ್ಕೆ ರೈತ ನಾಯಕ ದಿ.ಬಾ. ಪಾಟೀಲರ ಹೆಸರಿಡಿ ಎಂಬ ಬೇಡಿಕೆ. ಮರುದಿನ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು: ನಗರ ಸಹಕಾರಿ ಬ್ಯಾಂಕುಗಳ ವ್ಯವಸ್ಥಾಪಕ ನಿರ್ದೇಶಕ, ಪೂರ್ಣಾವಧಿ ನಿರ್ದೇಶಕ ಹುದ್ದೆಗಳಿಗೆ ಸಂಸದರು, ಶಾಸಕರು, ಪಾಲಿಕೆ ಸದಸ್ಯರು ಬರುವಂತಿಲ್ಲ.

ಪತ್ರಿಕೆಗಳಲ್ಲಿ ಇವು ಬೇರೆಬೇರೆ ಪುಟಗಳಲ್ಲಿ ಅಚ್ಚಾದವು. ಆದರೆ ಇವನ್ನು ಒಟ್ಟಿಗೆ ಓದಿದರೆ ನಮ್ಮ ಈ ಸೀಮೆಯ ರಾಜಕಾರಣ, ದುಡ್ಡು, ಮಾನ ಮೂರೂ ಹೇಗೆ ಹೆಣೆದುಕೊಂಡಿವೆ ಎಂಬುದು ಕಾಣುತ್ತದೆ.

ಕರ್ನಾಳಾ ಎಂದರೆ ಕನ್ನಡಿಗರಿಗೆ ಊರಿನ ದಾರಿ. ಡೊಂಬಿವಲಿ, ಕಲ್ಯಾಣ್, ವಾಶಿಯಿಂದ ಉಡುಪಿ, ಮಂಗಳೂರಿಗೆ ಹೊರಟ ಬಸ್ಸು ಪನ್ವೇಲ್ ದಾಟಿದರೆ ಎದುರಾಗುವುದು ಕರ್ನಾಳಾದ ಕೋಟೆ, ಅದರ ತಪ್ಪಲಿನ ಪಕ್ಷಿಧಾಮ. ಆ ಹೆಸರನ್ನೇ ಹೊತ್ತ ಬ್ಯಾಂಕು ಪನ್ವೇಲ್ ಸುತ್ತಮುತ್ತಲಿನ ಆಗ್ರಿ, ಕೋಳಿ, ಕುಣಬಿ ಮನೆಗಳಿಗೆ ಸ್ವಂತದ್ದಾಗಿತ್ತು. ಅದಕ್ಕೊಂದು ಚರಿತ್ರೆಯೂ ಇದೆ. ನವಿ ಮುಂಬಯಿ ಕಟ್ಟಲು ಸಿಡ್ಕೊ ಈ ಹಳ್ಳಿಗಳ ಗದ್ದೆ, ಉಪ್ಪಿನಗದ್ದೆಗಳನ್ನು ಸ್ವಾಧೀನ ಮಾಡಿಕೊಂಡಿತು. 1984ರ ಜನವರಿಯಲ್ಲಿ ಉರಣ್ ಬಳಿಯ ಜಾಸಯಿ ಆಸುಪಾಸಿನಲ್ಲಿ ಪೊಲೀಸರ ಗೋಲಿಬಾರಿಗೆ ಐವರು ಬಲಿಯಾದರು. ಶೇತ್ಕರಿ ಕಾಮಗಾರ್ ಪಕ್ಷದ ದಿ.ಬಾ. ಪಾಟೀಲರ ನೇತೃತ್ವದ ಆ ಹೋರಾಟದ ಫಲವಾಗಿಯೇ ಭೂಮಿ ಕಳೆದುಕೊಂಡವರಿಗೆ ಶೇ 12.5ರಷ್ಟು ಅಭಿವೃದ್ಧಿಪಡಿಸಿದ ನಿವೇಶನ ಕೊಡುವ ಯೋಜನೆ ಬಂತು. ಗದ್ದೆ ಹೋಯಿತು, ಬದಲಿಗೆ ನಿವೇಶನವೂ ರೊಕ್ಕವೂ ಬಂದವು. ನೊಗ ಹಿಡಿದ ಕೈಗೆ ಚೆಕ್ ಬಂದಾಗ ಅದನ್ನು ಎಲ್ಲಿಡುವುದು? ಗುಂಡಿಗೆ ಎದೆಯೊಡ್ಡಿದ ಪಕ್ಷದವರೇ ಬ್ಯಾಂಕ್ ತೆರೆದಿರುವಾಗ ಇನ್ನೊಂದು ಬಾಗಿಲು ಹುಡುಕುವವರು ಯಾರು!

ತನಿಖಾ ಸಂಸ್ಥೆಯ ಆರೋಪ ಹೀಗಿದೆ: ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2019-20ರಲ್ಲಿ ನಡೆದ ತಪಾಸಣೆಯಲ್ಲಿ 63 ನಕಲಿ ಸಾಲದ ಖಾತೆಗಳು ಪತ್ತೆಯಾದವು, ಅವುಗಳ ಮೂಲಕ 512 ಕೋಟಿ ರೂಪಾಯಿಗೂ ಹೆಚ್ಚು ಹಣ ಅಧ್ಯಕ್ಷರ ಹಿಡಿತದಲ್ಲಿದ್ದ ಕರ್ನಾಳಾ ಚಾರಿಟೇಬಲ್ ಟ್ರಸ್ಟ್, ಕರ್ನಾಳಾ ಸ್ಪೋರ್ಟ್ಸ್ ಅಕಾಡೆಮಿ ಮುಂತಾದ ಸಂಸ್ಥೆಗಳಿಗೆ ಹರಿಯಿತು, ಇದು 2008ರಿಂದಲೇ ನಡೆದಿತ್ತು. ಬ್ಯಾಂಕಿನ ಪರವಾನಗಿಯನ್ನು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ರದ್ದುಪಡಿಸಿತು.

ನಕಲಿ ಖಾತೆಯ ಗೊಡವೆ ಯಾಕೆ, ಅಧ್ಯಕ್ಷರು ತಮ್ಮ ಸಂಸ್ಥೆಗೆ ನೇರವಾಗಿಯೇ ಸಾಲ ಬರೆದುಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ಬರೆದುಕೊಳ್ಳುವಂತಿರಲಿಲ್ಲ. ಗುಜರಾತಿನ ಮಾಧವಪುರ ಬ್ಯಾಂಕ್ 2001ರಲ್ಲಿ ಮುಳುಗಿದ ಮೇಲೆ ಎಚ್ಚೆತ್ತ ರಿಸರ್ವ್ ಬ್ಯಾಂಕ್, ನಗರ ಸಹಕಾರಿ ಬ್ಯಾಂಕುಗಳು ತಮ್ಮ ನಿರ್ದೇಶಕರಿಗೆ, ಅವರ ಬಂಧುಗಳಿಗೆ, ಅವರ ಹಿತಾಸಕ್ತಿಯ ಸಂಸ್ಥೆಗಳಿಗೆ ಸಾಲ ಕೊಡುವುದನ್ನು 2003ರ ಅಕ್ಟೋಬರ್‌ನಿಂದ ನಿಷೇಧಿಸಿತ್ತು. ಹೆದ್ದಾರಿಗೆ ಗೇಟು ಬಿದ್ದರೆ ವಾಹನಗಳು ಊರೊಳಗಿನ ಓಣಿ ಹಿಡಿಯುವಂತೆ ಹಣವೂ ಬಳಸು ದಾರಿ ಹುಡುಕುತ್ತದೆ. ಯಾರದೋ ಹೆಸರಲ್ಲಿ ಒಂದು ಸಾಲದ ಖಾತೆ. ಅರ್ಜಿ ಅರೆಬರೆ, ಅಡಮಾನ ಇಲ್ಲ. ಮಂಜೂರಾದ ಹಣ ಎರಡು-ಮೂರು ಖಾತೆ ಸುತ್ತಿ ಬೇಕಾದಲ್ಲಿಗೆ ಸೇರುತ್ತದೆ. ಬಡ್ಡಿ ಕಟ್ಟುವ ದಿನ ಬಂದಾಗ ಇನ್ನೊಂದು ಹೆಸರಿನಲ್ಲಿ ಹೊಸ ಸಾಲ. ಅದರಿಂದ ಹಳೆಯದರ ಬಡ್ಡಿ. ಪುಸ್ತಕದಲ್ಲಿ ಎಲ್ಲ ಸಾಲಗಳೂ ಆರೋಗ್ಯವಾಗಿರುತ್ತವೆ, ಲೆಕ್ಕಪರಿಶೋಧಕರು ಸಹಿ ಹಾಕುತ್ತಾರೆ, ವಾರ್ಷಿಕ ಸಭೆಯಲ್ಲಿ ಚಹಾ-ಫರಾಳ ಮುಗಿಯುತ್ತದೆ. ಸಾಮಾನ್ಯವಾಗಿ ನಕಲಿ ಸಾಲದ ವಿದ್ಯೆ ನಡೆಯುವುದೇ ಹೀಗೆ. 2019ರ ಸೆಪ್ಟೆಂಬರ್‌ನಲ್ಲಿ ಕುಸಿದ ಪಿಎಂಸಿ ಬ್ಯಾಂಕಿನಲ್ಲಂತೂ ಎಚ್‌ಡಿಐಎಲ್ ಸಮೂಹದ 44 ಸಾಲಗಳನ್ನು ಮುಚ್ಚಿಡಲು 21 ಸಾವಿರಕ್ಕೂ ಹೆಚ್ಚು ಹುಸಿ ಖಾತೆಗಳನ್ನು ಸೃಷ್ಟಿಸಲಾಗಿತ್ತು.

ಆದರೆ ಪಿಎಂಸಿಗೂ ಕರ್ನಾಳಾಕ್ಕೂ ಒಂದು ವ್ಯತ್ಯಾಸ ಇದೆ. ಪಿಎಂಸಿಯ ಹಣ ಹೋದದ್ದು ಬಿಲ್ಡರ್‌ಗಳ ವ್ಯವಹಾರಕ್ಕೆ. ಪನ್ವೇಲ್‌ನಲ್ಲಿ ಅದು ಹರಿದದ್ದು, ಆರೋಪ ಪಟ್ಟಿಯನ್ನು ನಂಬುವುದಾದರೆ, ಎಲ್ಲರ ಕಣ್ಣೆದುರಿಗೇ ನಿಂತ ಕ್ರೀಡಾ ಅಕಾಡೆಮಿಗೆ ಮತ್ತು ಟ್ರಸ್ಟಿಗೆ. ಮಗ ಆಡುವುದು ನಾಯಕರ ಮೈದಾನದಲ್ಲಿ, ಅಪ್ಪನ ಉಳಿತಾಯ ನಾಯಕರ ಬ್ಯಾಂಕಿನಲ್ಲಿ, ಮನೆಯವರ ಮತವೂ ಅಲ್ಲಿಗೇ. ಹೀಗಾಗಿ ರಾಜಕೀಯ ಮಹತ್ವಾಕಾಂಕ್ಷೆ ಒಂದು ಕಡೆ, ಆರ್ಥಿಕ ಅಪರಾಧ ಇನ್ನೊಂದು ಕಡೆ ಎಂದು ಇಲ್ಲಿ ಗೆರೆ ಎಳೆಯಲು ಬರುವುದಿಲ್ಲ. ಕ್ಷೇತ್ರವನ್ನು ಹಿಡಿದಿಟ್ಟುಕೊಳ್ಳುವ ಯಂತ್ರದ ಖರ್ಚಿಗೆ ಬ್ಯಾಂಕ್ ಬೇಕಿತ್ತು. ಇಷ್ಟಾಗಿಯೂ 2014ರಲ್ಲಿ ಉರಣ್ ಕ್ಷೇತ್ರದಲ್ಲಿ ವಿವೇಕ್ ಪಾಟೀಲರು ಶಿವಸೇನೆಯ ಮನೋಹರ್ ಭೋಯಿರ್ ಎದುರು ಸೋತದ್ದು ಬರೀ 811 ಮತಗಳಿಂದ. 2019ರಲ್ಲಿ ಮತ್ತೆ ನಿಂತು ಮೂರನೆಯವರಾದರು. ಗೆದ್ದಿದ್ದರೆ ಈ ಕತೆ ಬೇರೆ ತಿರುವು ಪಡೆಯುತ್ತಿತ್ತೇ? ಗೆದ್ದವರ ವಿಷಯದಲ್ಲಿ ಏನಾಗುತ್ತದೆ ಎಂಬುದಕ್ಕೆ ಠಾಣೆಯ ಉದಾಹರಣೆಯೇ ಇದೆ.

ಓವಳಾ-ಮಾಜಿವಾಡಾದ ಸರನಾಯಿಕ್ ಅವರ ಮನೆ, ಕಚೇರಿಗಳ ಮೇಲೆ 2020ರ ನವೆಂಬರ್‌ನಲ್ಲಿ ಇ.ಡಿ. ದಾಳಿ ನಡೆಯಿತು. 2021ರ ಜೂನ್‌ನಲ್ಲಿ ಆ ಪತ್ರ ಬಂತು. 2022ರ ಮಾರ್ಚ್‌ನಲ್ಲಿ ಎನ್‌ಎಸ್‌ಇಎಲ್ ಎಂಬ ಸರಕು ವಿನಿಮಯ ಸಂಸ್ಥೆಯ ಹಗರಣಕ್ಕೆ ಸಂಬಂಧಿಸಿ ಅವರ 11.35 ಕೋಟಿ ರೂಪಾಯಿಯ ಆಸ್ತಿ ಜಪ್ತಿಯಾಯಿತು. ಮೂರು ತಿಂಗಳಲ್ಲಿ ಶಿವಸೇನೆ ಒಡೆದು ಏಕನಾಥ ಶಿಂದೆ ಹೊರನಡೆದಾಗ ಅವರ ಜತೆ ಇವರೂ ಹೋದರು. 2024ರ ಡಿಸೆಂಬರ್‌ನಿಂದ ರಾಜ್ಯದ ಸಾರಿಗೆ ಸಚಿವರು. ಯಾವ ನ್ಯಾಯಾಲಯವೂ ಅವರನ್ನು ತಪ್ಪಿತಸ್ಥ ಎಂದಿಲ್ಲ. ತಮ್ಮನ್ನು ವಿನಾಕಾರಣ ಸತಾಯಿಸಲಾಯಿತು ಎಂಬ ಅವರ ಮಾತು ನಿಜವೇ ಇರಬಹುದು. ನನ್ನ ತಕರಾರು ಅವರ ಮೇಲಲ್ಲ. ದಾಳಿಯ ದಿನ ಅವರನ್ನು ಕಳ್ಳ ಎಂದವರು, ಪಕ್ಷಾಂತರದ ದಿನ ಅವರನ್ನು ಹಾರ ಹಾಕಿ ಬರಮಾಡಿಕೊಂಡವರು, ಇವರಲ್ಲಿ ಯಾರ ಮಾತು ಸರಿ ಎಂದು ಘೋಡಬಂದರ್ ರಸ್ತೆಯ ಮತದಾರ ಹೇಗೆ ತೀರ್ಮಾನಿಸಬೇಕು? ತನಿಖೆ ಮೈತ್ರಿಯ ಲೆಕ್ಕಾಚಾರಕ್ಕೆ ಕಟ್ಟುಬಿದ್ದಾಗ ಅಪರಾಧಿಯ ಕಳಂಕವಷ್ಟೇ ಅಲ್ಲ, ನಿರಪರಾಧಿಯ ಶುಭ್ರತೆಯೂ ಕಾಣದಾಗುತ್ತದೆ. ಕರ್ನಾಳಾದಲ್ಲೂ ಠೇವಣಿದಾರರ ಮೋರ್ಚಾಗಳ ಮುಂದೆ ನಿಂತವರು ಪನ್ವೇಲ್‌ನ ಬಿಜೆಪಿ ಶಾಸಕ ಪ್ರಶಾಂತ್ ಠಾಕೂರ್. ಠೇವಣಿದಾರರ ಅಳಲು ಸುಳ್ಳಲ್ಲ, ರಾಜಕೀಯ ಲಾಭವೂ ಸುಳ್ಳಲ್ಲ. 'ಇದೆಲ್ಲ ಸಾಹೇಬರ ವಿರುದ್ಧ ಸಂಚು' ಎಂದು ನಂಬಲು ನಿಷ್ಠರಿಗೆ ಅಷ್ಟು ಸಾಕು.

ರಾಜಕಾರಣಿಯ ಕಳಂಕವನ್ನು ನಿಭಾಯಿಸುವುದರಲ್ಲಿ ಅಮೆರಿಕದವರು ನಮಗಿಂತ ಮುಂದಿದ್ದಾರೆ ಎಂದುಕೊಳ್ಳುವ ಹಾಗಿಲ್ಲ. ಓದು, ಉದ್ಯೋಗ, ಮನೆತನ ಎಲ್ಲದರ ಬಗ್ಗೆ ಸುಳ್ಳು ಹೇಳಿ ನ್ಯೂಯಾರ್ಕಿನಿಂದ 2022ರಲ್ಲಿ ಪ್ರತಿನಿಧಿ ಸಭೆಗೆ ಗೆದ್ದ ಜಾರ್ಜ್ ಸ್ಯಾಂಟೋಸ್ ಅವರನ್ನು 2023ರ ಡಿಸೆಂಬರ್‌ನಲ್ಲಿ ಸದನ 311-114 ಮತಗಳಿಂದ ಹೊರಹಾಕಿತು. ಅವರ ಪಕ್ಷದವರೇ ನೂರಕ್ಕೂ ಹೆಚ್ಚು ಮಂದಿ ಅವರ ವಿರುದ್ಧ ಮತ ಹಾಕಿದರು. ಇದನ್ನು ಮೆಚ್ಚಬೇಕು. ಹೊರಬಿದ್ದ ಮನುಷ್ಯ ಕೆಲವೇ ದಿನಗಳಲ್ಲಿ ದುಡ್ಡು ಪಡೆದು ಶುಭಾಶಯದ ವಿಡಿಯೊ ಮಾರತೊಡಗಿದರು. ವಂಚನೆಯ ತಪ್ಪೊಪ್ಪಿಕೊಂಡ ಮೇಲೆ 87 ತಿಂಗಳ ಸಜೆಯಾಯಿತು. ಜೈಲು ಸೇರಿ ಮೂರು ತಿಂಗಳು ತುಂಬುವ ಮೊದಲೇ, 2025ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷ ಟ್ರಂಪ್ ಶಿಕ್ಷೆ ಮೊಟಕುಗೊಳಿಸಿ ಬಿಡಿಸಿದರು. ಅಲ್ಲಿ ನಾಚಿಕೆಯನ್ನು ಮಾರುಕಟ್ಟೆ ಕೊಂಡುಕೊಂಡಿತು. ಇಲ್ಲಿ ಬಣ ಬದಲಿಸಿದರೆ ಅದು ತೊಳೆದುಹೋಗುತ್ತದೆ.

ಹಾಗಾದರೆ ಮಾನ ಹೋದದ್ದು ಯಾರದ್ದು? ಇದಕ್ಕೆ ಸಹಕಾರದ ಮೂಲಕ್ಕೇ ಹೋಗಬೇಕು. ಮೂಲ ನಮ್ಮಲ್ಲೇ ಇದೆ: ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. 1904ರ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲಮನೆಗೂ ಕುತ್ತು. ಆದ್ದರಿಂದ ಎಲ್ಲರೂ ಎಲ್ಲರ ಮೇಲೆ ಕಣ್ಣಿಡುತ್ತಿದ್ದರು, ಊರಿನ ಮುಂದೆ ತಲೆ ತಗ್ಗಿಸುವ ಭಯವೇ ಮೊದಲ ಜಾಮೀನು. ಮುಂಬಯಿಗೆ ಬಂದ ನಮ್ಮವರೂ ಇದೇ ನಂಬಿಕೆಯ ಮೇಲೆ ಬ್ಯಾಂಕುಗಳನ್ನು ಕಟ್ಟಿದರು. ಸಾರಸ್ವತರ ಶಾಮರಾವ್ ವಿಠ್ಠಲ್ ಬ್ಯಾಂಕು 1906ರದು, ಬಿಲ್ಲವರ ಭಾರತ್ ಬ್ಯಾಂಕ್ 1978ರದು. ಎರಡೂ ಗಟ್ಟಿಯಾಗಿ ಬೆಳೆದಿವೆ. ಹೋಟೆಲಿನ ಗಲ್ಲೆಯಿಂದ ದಿನವೂ ಪಿಗ್ಮಿ ಕಟ್ಟಿದವರಿಗೆ 'ನಮ್ಮವರ ಬ್ಯಾಂಕು' ಅನ್ನುವುದರ ಬೆಲೆ ಗೊತ್ತು.

ಆದರೆ ನಗರ ಬ್ಯಾಂಕಿನಲ್ಲಿ ಸದಸ್ಯನ ಹೊಣೆ ಅವನ ಷೇರಿನಷ್ಟಕ್ಕೇ ಮಿತ. ಪರಸ್ಪರ ಕಣ್ಣಿಡುವ ಅಗತ್ಯ ಹೋಯಿತು, ನಂಬುವ ರೂಢಿ ಮಾತ್ರ ಉಳಿಯಿತು. ಆ ರೂಢಿ ಒಬ್ಬ ವ್ಯಕ್ತಿಯ ಸುತ್ತ ಸುತ್ತಿಕೊಂಡಾಗ ಬ್ಯಾಂಕಿನ ಆಸ್ತಿಪಟ್ಟಿಗಿಂತ ನಾಯಕನ ಫ್ಲೆಕ್ಸ್ ದೊಡ್ಡದಾಗಿ ಕಾಣುತ್ತದೆ. 2019ರ ದೀಪಾವಳಿಗೆ ಡೊಂಬಿವಲಿಯ ಗುಡ್‌ವಿನ್ ಜ್ಯುವೆಲರ್ಸ್ ಷಟರ್ ಎಳೆದಾಗ, 2025ರ ಜನವರಿಯಲ್ಲಿ ನವಿ ಮುಂಬಯಿ, ಕಲ್ಯಾಣದಲ್ಲೂ ಮಳಿಗೆ ತೆರೆದಿದ್ದ ಟೊರೆಸ್ ಕಂಪನಿ ಕೈಯೆತ್ತಿದಾಗ, ಹಣ ಹೂಡಿ ಮೋಸ ಹೋದವರು ಬಾಯಿಬಿಟ್ಟು ಬೈದರು. ಪರವೂರಿನವರನ್ನು ಬೈಯುವುದು ಸುಲಭ. ಊರಿನ ಸಾಹೇಬರ ಬ್ಯಾಂಕು ಮುಳುಗಿದರೆ ಬೈಗುಳ ತಿರುಗುವುದು ಅಲ್ಲಿ ಹಣ ಇಡಿ ಎಂದು ಸಲಹೆ ಕೊಟ್ಟ ಭಾವನ ಕಡೆಗೆ, ಹೌಸಿಂಗ್ ಸೊಸೈಟಿಯ ಖಜಾಂಚಿಯ ಕಡೆಗೆ.

ಈ ಖಜಾಂಚಿಯ ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕರ್ನಾಳಾ ಪರವಾನಗಿ ರದ್ದಾದಾಗ ಶೇ 95ರಷ್ಟು ಠೇವಣಿದಾರರಿಗೆ ವಿಮೆಯಿಂದ ಪೂರ್ತಿ ಹಣ ಸಿಗುತ್ತದೆ ಎಂದು ರಿಸರ್ವ್ ಬ್ಯಾಂಕ್ ಹೇಳಿತು. ಕೇಳಲು ಇಂಪಾಗಿದೆ. ಆದರೆ ಅದು ತಲೆ ಎಣಿಕೆ, ರೊಕ್ಕದ ಎಣಿಕೆಯಲ್ಲ. ಸಾವಿರ ರೂಪಾಯಿ ಇದ್ದ ಉಳಿತಾಯ ಖಾತೆಯೂ ಒಂದು ತಲೆ, ಜಮೀನಿನ ಹಣವನ್ನೆಲ್ಲ ಇಟ್ಟವರೂ ಒಂದು ತಲೆ. 1993ರಿಂದ ಒಂದು ಲಕ್ಷದಲ್ಲೇ ನಿಂತಿದ್ದ ವಿಮೆಯ ಮಿತಿ 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೇರಿತು, ಪಿಎಂಸಿ ಠೇವಣಿದಾರರ ಕೂಗಿನ ಬೆನ್ನಿಗೆ. ಆ ಐದು ಲಕ್ಷ ಒಬ್ಬ ಠೇವಣಿದಾರನಿಗೆ. ಇನ್ನೂರು ಮನೆಗಳ ಹೌಸಿಂಗ್ ಸೊಸೈಟಿಯೂ ಕಾನೂನಿನ ಕಣ್ಣಿಗೆ ಒಬ್ಬನೇ ಠೇವಣಿದಾರ. ಸಿಂಕಿಂಗ್ ಫಂಡ್ ನಲವತ್ತು ಲಕ್ಷ ಇದ್ದರೂ ವಿಮೆಯಿಂದ ಬರುವುದು ಐದೇ. ಉಳಿದದ್ದಕ್ಕೆ ಸಮಾಪನಾಧಿಕಾರಿಯ ಬಾಗಿಲು ಕಾಯಬೇಕು. ಮಾಳಿಗೆ ಸೋರುತ್ತಿದ್ದರೂ ದುರಸ್ತಿಗೆ ದುಡ್ಡಿಲ್ಲ. ಸಭೆಯಲ್ಲಿ ಎದ್ದುನಿಂತು ಉತ್ತರಿಸಬೇಕಾದವರು ಸಂಬಳವಿಲ್ಲದೆ ಲೆಕ್ಕ ಬರೆದ ನಿವೃತ್ತ ಗುಮಾಸ್ತರು. ಸಾರ್ವಜನಿಕ ಅವಮಾನ ಕೊನೆಗೆ ಬಂದು ಕೂತದ್ದು ಅಲ್ಲಿ.

ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ಬಸವನಗುಡಿಯ ಹಿರಿಯರೂ ಇದನ್ನೇ ಉಂಡರು. ಅಲ್ಲೂ ಹೆಚ್ಚಿನ ಬಡ್ಡಿಯ ಜತೆಗೆ 'ನಮ್ಮವರು' ಎಂಬ ವಿಶ್ವಾಸವಿತ್ತು.

ನಿಯಮಗಳು ಬಿಗಿಯಾಗಿಲ್ಲ ಎಂದಲ್ಲ. 2020ರ ತಿದ್ದುಪಡಿ ಸಹಕಾರಿ ಬ್ಯಾಂಕುಗಳನ್ನು ರಿಸರ್ವ್ ಬ್ಯಾಂಕಿನ ಹಿಡಿತಕ್ಕೆ ಇನ್ನಷ್ಟು ತಂದಿತು. ಅದಕ್ಕೆ ಮೊದಲು ಸಹಕಾರ ಇಲಾಖೆಯ ರಿಜಿಸ್ಟ್ರಾರ್ ಮತ್ತು ರಿಸರ್ವ್ ಬ್ಯಾಂಕ್ ಪರಸ್ಪರರತ್ತ ಬೊಟ್ಟು ಮಾಡಿ ಕೈತೊಳೆದುಕೊಳ್ಳಲು ದಾರಿಯಿತ್ತು. ಆ ತಿದ್ದುಪಡಿಯಿಂದ ನಿರ್ದೇಶಕರ ಸತತ ಅವಧಿಗೆ ಎಂಟು ವರ್ಷದ ಮಿತಿಯೂ ಬಂತು. ಆದರೆ 2025ರ ಆಗಸ್ಟ್‌ನಿಂದ ಅದನ್ನು ಹತ್ತಕ್ಕೆ ಸಡಿಲಿಸಲಾಗಿದೆ. ಕರ್ನಾಳಾದಲ್ಲಿ ನಡೆಯಿತು ಎನ್ನಲಾದದ್ದು ಸುಮಾರು ಒಂದು ದಶಕದ ವ್ಯವಹಾರ ಎಂಬುದನ್ನು ನೆನೆದರೆ ಈ ಔದಾರ್ಯ ಅರ್ಥವಾಗುವುದಿಲ್ಲ.

ಇನ್ನು ಜೂನ್ 25ರ ಆ ಸುತ್ತೋಲೆ. ಅದು ಶಾಸಕರನ್ನೂ ಪಾಲಿಕೆ ಸದಸ್ಯರನ್ನೂ ತಡೆದದ್ದು ಸಂಬಳದ ಹುದ್ದೆಗಳಿಂದ. ವಿವೇಕ್ ಪಾಟೀಲರು ಕೂತಿದ್ದುದು ಅಧ್ಯಕ್ಷರ ಕುರ್ಚಿಯಲ್ಲಿ. ಆ ಕುರ್ಚಿಯನ್ನು ಸುತ್ತೋಲೆ ಮುಟ್ಟಲಿಲ್ಲ. ಅಭ್ಯರ್ಥಿಗಳು ನಾಮಪತ್ರದ ಜತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಹೆಂಡತಿಯ ಕೊರಳಲ್ಲಿರುವ ಚಿನ್ನದ ತೂಕವನ್ನೂ ಬರೆಯಬೇಕು. ತಾವು ಅಧ್ಯಕ್ಷರಾಗಿರುವ ಬ್ಯಾಂಕಿನಲ್ಲಿ ವಸೂಲಾಗದ ಸಾಲ ಎಷ್ಟು, ತಮ್ಮ ಟ್ರಸ್ಟಿಗೆ ಹಣ ಎಲ್ಲಿಂದ ಬಂತು ಎಂದು ಕೇಳುವ ಕಾಲಂ ಇಲ್ಲ. ಪ್ರಮಾಣಪತ್ರಕ್ಕೆ ಆ ಎರಡು ಸಾಲುಗಳು ಸೇರಲಿ, ರಿಸರ್ವ್ ಬ್ಯಾಂಕ್ ಅಧ್ಯಕ್ಷರ ಕುರ್ಚಿಗೂ ನಿಷೇಧ ವಿಸ್ತರಿಸಲಿ ಎಂದು ಒತ್ತಾಯಿಸಬೇಕಾದವರು ಶಾಸನಸಭೆಯಲ್ಲಿದ್ದಾರೆ. ಸಹಕಾರಿ ಬ್ಯಾಂಕು, ಸಕ್ಕರೆ ಕಾರ್ಖಾನೆ, ಶಿಕ್ಷಣ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಕೂತವರು ಆ ಸಭೆಯ ಎರಡೂ ಬದಿಯ ಬೆಂಚುಗಳಲ್ಲಿದ್ದಾರೆ.