ಬಾಲ ಹೇಳೋದನ್ನ ಮೊದಲು ಕೇಳೋಣ

ನಮ್ಮ ಹಾಸ್ಟೆಲ್ ಮೆಸ್ ಬಾಗಿಲಲ್ಲಿ ಕೂರೋ ಬೆಕ್ಕು ಹೋದ ವಾರ ಒಬ್ಬನಿಗೆ ಪರಚಿತು. ಅವತ್ತೇ "ಗೋಣಿಚೀಲಕ್ಕೆ ಹಾಕಿ ದೂರ ಬಿಟ್ಟು ಬರೋಣ" ಅನ್ನೋ ಮಾತು ಶುರುವಾಯ್ತು. ನಮ್ಮ ಪ್ರಕಾರ ತಪ್ಪು ಬೆಕ್ಕಿನದಲ್ಲ. ಪರಚೋ ಮುಂಚೆ ಅದು ಬಾಲವನ್ನ ಪಟಪಟ ಅಂತ ನೆಲಕ್ಕೆ ಬಡೀತಿತ್ತು. ನಾವು "ನೋಡ್ರೋ, ನಾಯಿ ಥರ ಬಾಲ ಅಲ್ಲಾಡಿಸ್ತಿದೆ, ಖುಷಿಯಾಗಿದೆ" ಅಂತ ಹೊಟ್ಟೆ ಸವರುತ್ತಲೇ ಇದ್ದೆವು. ನಮಗೆ ಚೆಲ್ಲಾಟ, ಬೆಕ್ಕಿಗೆ ಸಂಕಟ.

ಬೆಕ್ಕಿನ ಬಾಲದ ಭಾಷೆ ನಾಯಿಯದ್ದಲ್ಲ. ಬಾಲ ನೆಟ್ಟಗೆ ನಿಂತು ತುದಿ ಕೊಂಚ ಬಾಗಿದ್ದರೆ ಸ್ನೇಹ. ಆ ಕಡೆ ಈ ಕಡೆ ಜೋರಾಗಿ ಬೀಸಿದರೆ "ಸಾಕು, ಬಿಡು" ಅಂತ. ರೋಮ ನಿಮಿರಿ ಬಾಟಲಿ ಬ್ರಷ್‌ನಂತಾದರೆ ಹೆದರಿದೆ, ದೂರ ಸರಿಯಿರಿ. ಮೈ ತಗ್ಗಿಸಿ ಕೂತು, ಏನನ್ನೋ ದಿಟ್ಟಿಸುತ್ತಾ ತುದಿ ಮಾತ್ರ ಆಡಿಸುತ್ತಿದ್ದರೆ ಬೇಟೆಯ ಹುಮ್ಮಸ್ಸು. ಆಟಕ್ಕೆ ಅದೇ ಸಮಯ.

ಆಗಲೂ ಕೈ ಒಡ್ಡಬೇಡಿ, ಬೆರಳನ್ನೇ ಇಲಿ ಅಂದ್ಕೊಳ್ಳೋದು ಕಲಿತುಬಿಡುತ್ತೆ. ಕೋಲಿಗೆ ಹಳೇ ಶೂ ಲೇಸ್ ಕಟ್ಟಿ, ಇಲಿ ಓಡುವ ಹಾಗೆ ನೆಲದ ಮೇಲೆ ಎಳೆಯಿರಿ. 10 ನಿಮಿಷ ಸಾಕು. ಕೊನೆಗೆ ಒಮ್ಮೆ ಹಿಡಿಯಲು ಬಿಡಿ. ಆಮೇಲೆ ಲೇಸ್ ಎತ್ತಿಡಿ, ನುಂಗಿದರೆ ಕರುಳಿಗೆ ಅಪಾಯ. ಅಷ್ಟಾಗಿಯೂ ಪರಚಿದರೆ ಸೋಪು ಹಚ್ಚಿ 15 ನಿಮಿಷ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ. ರೇಬೀಸ್ ವಿಷಯದಲ್ಲಿ ಉದಾಸೀನ ಬೇಡ.

ಸಿಗ್ನಲ್ ಓದೋದನ್ನ ಲ್ಯಾಬ್‌ನಲ್ಲಿ ಸೆಮಿಸ್ಟರ್‌ಗಟ್ಟಲೆ ಕಲೀತೀವಿ. ಕಣ್ಣೆದುರಿನ ಬಾಲವನ್ನ ಓದದೆ ಬೆಕ್ಕನ್ನ ಗೋಣಿಚೀಲಕ್ಕೆ ಹಾಕೋದು ನ್ಯಾಯವಲ್ಲ.