ಭಕ್ತಿಗೀತೆಯಿಂದ ಲೋಕಗೀತೆಗೆ: ಅರೀಥಾ ಫ್ರ್ಯಾಂಕ್ಲಿನ್

ದೇವರ ಸ್ತೋತ್ರಗಳಲ್ಲಿ ಪಳಗಿದ ಕಂಠವು ಲೌಕಿಕ ಗೀತೆಗಳನ್ನು ಹಾಡಬಹುದೆ? ಅಮೆರಿಕದ ಕಪ್ಪು ಜನರ ಕ್ರೈಸ್ತ ಸಭೆಗಳಲ್ಲಿ ಈ ಪ್ರಶ್ನೆಯು ಅನೇಕ ಗಾಯಕರನ್ನು ಬಾಧಿಸಿತು. ಅವರಲ್ಲೊಬ್ಬಳಾದ ಅರೀಥಾ ಫ್ರ್ಯಾಂಕ್ಲಿನ್ನಳ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಆಕೆ 1942ರಲ್ಲಿ ಮೆಂಫಿಸ್ ನಗರದಲ್ಲಿ ಜನಿಸಿದಳು. ತಂದೆ ಸಿ. ಎಲ್. ಫ್ರ್ಯಾಂಕ್ಲಿನ್ ಡೆಟ್ರಾಯಿಟ್ ನಗರದ ಚರ್ಚೊಂದರಲ್ಲಿ ಹೆಸರಾಂತ ಬೋಧಕರಾಗಿದ್ದರು. ಹತ್ತು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಮಹಾಲಿಯಾ ಜ್ಯಾಕ್ಸನ್, ಕ್ಲಾರಾ ವಾರ್ಡ್ ಮೊದಲಾದ ಗಾಸ್ಪೆಲ್ ಗಾಯಕಿಯರು, ಎಂದರೆ ಆ ಜನರ ಭಕ್ತಿಗೀತೆಗಳನ್ನು ಹಾಡುವವರು, ಮನೆಗೆ ಬಂದುಹೋಗುತ್ತಿದ್ದರು. ಬಾಲಿಕೆಯು ಪಿಯಾನೋವನ್ನು ಕೇಳಿಯೇ ಕಲಿತಳು.

1960ರಲ್ಲಿ, ತಂದೆಯ ಒಪ್ಪಿಗೆಯಿಂದಲೇ, ಆಕೆ ಕೊಲಂಬಿಯಾ ಕಂಪೆನಿಯನ್ನು ಸೇರಿ ಲೌಕಿಕ ಗೀತೆಗಳತ್ತ ತಿರುಗಿದಳು. ಅಲ್ಲಿ ನಾಜೂಕಿನ ಹಾಡುಗಳನ್ನು ಬಹಳವಾಗಿ ಹಾಡಿಸಿದರು. ದೊಡ್ಡ ಯಶಸ್ಸು ದೊರೆಯಲಿಲ್ಲ. 1967ರ ಜನವರಿಯಲ್ಲಿ ಅಟ್ಲಾಂಟಿಕ್ ಕಂಪೆನಿಯ ಜೆರಿ ವೆಕ್ಸ್ಲರ್ ಆಕೆಯನ್ನು ಅಲಬಾಮಾ ಸಂಸ್ಥಾನದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿಗೆ ಕರೆದೊಯ್ದು ಪಿಯಾನೋದ ಮುಂದೆ ಕುಳ್ಳಿರಿಸಿದನು. ಒಂದು ದಿನ ಕೆಲಸ ನಡೆದು, ಜಗಳವೆದ್ದು, ಎಲ್ಲರೂ ಚದುರಿದರು. ಪೂರ್ತಿಯಾದದ್ದು ಒಂದೇ ಹಾಡು. ಆದರೆ ಚರ್ಚಿನ ಆ ತುಂಬುಕಂಠವು ಅದರಲ್ಲಿ ಅಡಗದೆ ಹೊರಬಿದ್ದಿತ್ತು; ಜನರು ಅದಕ್ಕೆ ಮಾರುಹೋದರು.

ಅದೇ ವರ್ಷದ 'ರೆಸ್ಪೆಕ್ಟ್' ಎಂಬ ಹಾಡಿನ ಸಂಗತಿ ಗೃಹಸ್ಥರಿಗೆ ರುಚಿಸೀತು. ಓಟಿಸ್ ರೆಡಿಂಗನು 1965ರಲ್ಲಿ ಹಾಡಿದ ಅದರಲ್ಲಿ, ದುಡಿದು ಮನೆಗೆ ಬಂದ ಗಂಡಸು ಮರ್ಯಾದೆಯನ್ನು ಬೇಡುತ್ತಾನೆ. ಅರೀಥಾ ಹಾಡಿದಾಗ ಬೇಡಿಕೆಯು ಹೆಂಗಸಿನದಾಯಿತು! ಮಾತುಗಳಲ್ಲಿ ಬದಲಾದದ್ದು ಸ್ವಲ್ಪ, ಅರ್ಥವೋ ತಲೆಕೆಳಗಾಯಿತು.

ಇಷ್ಟು ಕೀರ್ತಿ ಬಂದ ಮೇಲೆ, 1972ರ ಜನವರಿಯಲ್ಲಿ, ಆಕೆ ಲಾಸ್ ಏಂಜಲೀಸ್ ನಗರದ ಒಂದು ಚರ್ಚಿನಲ್ಲಿ ಎರಡು ರಾತ್ರಿ ಭಕ್ತಿಗೀತೆಗಳನ್ನೇ ಹಾಡಿದಳು. ತಂದೆ ಎದ್ದುನಿಂತು, ತನ್ನ ಮಗಳು ಚರ್ಚನ್ನು ಬಿಟ್ಟುಹೋದದ್ದೇ ಇಲ್ಲವೆಂದು ಸಭೆಗೆ ಸಾರಿದರು. ಮಗಳನ್ನು ಆಕ್ಷೇಪಿಸಿದವರಿಗೆ ಇದಕ್ಕಿಂತ ತಕ್ಕ ಉತ್ತರ ನಮಗೆ ತೋರದು. 'ಅಮೇಜಿಂಗ್ ಗ್ರೇಸ್' ಎಂಬ ಹೆಸರಿನ ಆ ಧ್ವನಿಮುದ್ರಿಕೆಯು ಅಮೆರಿಕದಲ್ಲಿ 20 ಲಕ್ಷಕ್ಕೂ ಮೇಲೆ ಮಾರಾಟವಾಯಿತು.

ಆ ರಾತ್ರಿಗಳ ಚಲನಚಿತ್ರವನ್ನೂ ತೆಗೆದಿದ್ದರು. ಆದರೆ ಚಿತ್ರಕ್ಕೂ ಧ್ವನಿಗೂ ತಾಳೆ ಬೀಳದೆ ಸುರುಳಿಗಳು ದಶಕಗಟ್ಟಲೆ ಮೂಲೆಯಲ್ಲುಳಿದವು. ಕಡೆಗೆ ತಾಳೆಗೂಡಿದಾಗ ಆಕೆಯೇ ನ್ಯಾಯಾಲಯಕ್ಕೆ ಹೋಗಿ ಪ್ರದರ್ಶನವನ್ನು ತಡೆದಳು. 2018ರ ಆಗಸ್ಟ್ 16ರಂದು ಆಕೆ ಡೆಟ್ರಾಯಿಟಿನಲ್ಲಿ ನಿಧನಹೊಂದಿದಳು. ಚಿತ್ರವು ಜನರೆದುರಿಗೆ ಬಂದುದು ಅದೇ ನವೆಂಬರಿನಲ್ಲಿ.