ದೋಣಿ ಹೊತ್ಕೊಂಡು ನಡೆದವನು ಪುಕ್ಕಲ ಅಲ್ಲ

1/6
ಈ ವಾರ ಎಲ್ಲರ ಸ್ಟೋರಿಯಲ್ಲೂ ಅದೇ ರೀಲ್. ಕೇರಳದ ಕೋಝಿಕ್ಕೋಡ್ ಕಡೆಯ ಚಾಲಿಪ್ಪುಳ ಹೊಳೆ, ಮಳೆಗಾಲ, ಎರಡೂ ಕಡೆ ಬಂಡೆ, ನಡುವೆ ಬರೀ ನೊರೆ. ಮೂವರು ಕಯಾಕ್‌ನಲ್ಲಿ ಧುಮುಕಿದ್ರು. ನಾಲ್ಕನೆಯವನು ದೋಣಿನ ಹೆಗಲಿಗೇರಿಸಿ ದಡದಲ್ಲೇ ನಡೆದು ಬಂದ. ನೀವು ಅವನಿಗೆ ಬರೆದದ್ದೇನು? "ಧಮ್ ಇಲ್ಲ." "ಬಳೆ ತೊಟ್ಕೋ." (ಬಳೆ ತೊಟ್ಟವರೂ ಅದೇ ಹೊಳೆ ಇಳೀತಾರೆ, ಅದು ಇನ್ನೊಂದು ಪೋಸ್ಟ್.)

2/6
ಬುದ್ಧಿ ಹೇಳೋಕೆ ನೀನ್ಯಾರು ಅಂತೀರಾ? ಎರಡು ವರ್ಷದ ಹಿಂದೆ ನಮ್ಮೂರ ಚೆಕ್ ಡ್ಯಾಮ್ ಹತ್ರ "ಧಮ್ ಇದ್ರೆ ಇಳಿಯೋ" ಅಂತ ಕೂಗಿದವರಲ್ಲಿ ನಾನೂ ಒಬ್ಬ. ಗೆಳೆಯ ಇಳಿದ. ನೀರು ಅವನನ್ನ ಮುಂದಕ್ಕೆ ಬಿಡಲೇ ಇಲ್ಲ, ತಿರುಗಿಸಿ ತಿರುಗಿಸಿ ಗೋಡೆ ಕಡೆಗೇ ಎಳೀತಿತ್ತು. ತೋಟಕ್ಕೆ ಬಂದಿದ್ದ ಅಜ್ಜ ಒಬ್ರು ಹಗ್ಗ ಎಸೆದ್ರು. ಬದುಕಿದ. ನನ್ನನ್ನ ಒಂದು ಮಾತೂ ಬೈಯಲಿಲ್ಲ. ಅದೇ ಇವತ್ತಿಗೂ ಚುಚ್ಚೋದು.

3/6
ಆಮೇಲೆ ಓದಿ ತಿಳ್ಕೊಂಡೆ. ಗೋಡೆ ದಾಟಿ ಬಿದ್ದ ನೀರು ತಳ ಮುಟ್ಟಿ, ಮೇಲೆದ್ದು, ಮತ್ತೆ ಗೋಡೆಗೇ ತಿರುಗುತ್ತೆ. ಅದಕ್ಕೆ ಹೈಡ್ರಾಲಿಕ್ ಅಂತಾರೆ. ಒಂದು ಘನ ಮೀಟರ್ ನೀರಿನ ತೂಕ 1000 ಕೆಜಿ. ವೇಗ ಎರಡರಷ್ಟಾದ್ರೆ ತಳ್ಳೋ ಬಲ ನಾಲ್ಕರಷ್ಟು. ಕಿರಿದಾದ ಹಳ್ಳದಲ್ಲಿ ಅಡ್ಡ ಬಿದ್ದ ಮರ ಜರಡಿ ಇದ್ದಂಗೆ: ನೀರು ದಾಟುತ್ತೆ, ಮನುಷ್ಯ ಸಿಕ್ಕಿಕೊಳ್ತಾನೆ. ಈಜು ಬರುತ್ತೆ ಅನ್ನೋದು ಅಲ್ಲಿ ಉಪಯೋಗಕ್ಕೆ ಬರಲ್ಲ.

4/6
ಹಾಗಾದ್ರೆ ಇಳಿದ ಮೂವರು ಹುಚ್ಚರಾ? ಅದೂ ಅಲ್ಲ. ರೀಲ್‌ನಲ್ಲಿ ಕತ್ತರಿಸಿ ಹಾಕಿದ ಭಾಗ ಯೋಚಿಸಿ. ಒಳ್ಳೆ ಕಯಾಕರ್‌ಗಳು ತಿರುವಿಗೆ ಮುಂಚೆನೇ ಬದಿಯ ನಿಂತ ನೀರಲ್ಲಿ ದೋಣಿ ನಿಲ್ಲಿಸಿ, ಬಂಡೆ ಹತ್ತಿ, ದಾರಿ ನೋಡ್ತಾರೆ. ಕೆಳಗೆ ಒಬ್ಬ ಹಗ್ಗ ಹಿಡಿದು ಕಾಯ್ತಾನೆ. ಹೆಲ್ಮೆಟ್, ಲೈಫ್ ಜಾಕೆಟ್ ಇಲ್ಲದೆ ನೀರಿಗೇ ಇಳಿಯಲ್ಲ. ನಮ್ಮ ಕೊಡಗಿನ ಬರಪೊಳೆಯಂಥ ಹೊಳೆ ಒಂದೇ ರಾತ್ರಿ ಮಳೆಗೆ ಬದಲಾಗಿಬಿಡುತ್ತೆ. ನಿನ್ನೆಯ ದಾರಿ ಇವತ್ತು ಇರಲ್ಲ. ಅದಕ್ಕೇ ಹೊತ್ಕೊಂಡು ನಡೆಯೋದು ಸೋಲಲ್ಲ, ಆ ಆಟದ ಒಂದು ಭಾಗ. ಅದಕ್ಕೆ ಪೋರ್ಟೇಜ್ ಅಂತ ಹೆಸರೇ ಇದೆ.

5/6
"ರಿಸ್ಕ್ ಇಲ್ದೆ ಮಜಾ ಎಲ್ಲಿ ಗುರು?" ಒಪ್ಪಿದೆ. ಆದ್ರೆ ಆ ರಿಸ್ಕ್ ಆರಿಸ್ಕೋಬೇಕಾದವನು ದೋಣಿಯಲ್ಲಿ ಕೂತವನು, ಹಾಸ್ಟೆಲ್ ಮಂಚದ ಮೇಲೆ ಮಲಗಿ ಟೈಪ್ ಮಾಡೋ ನೀವಲ್ಲ. ಇಳಿದವರು ನೀರು ನೋಡಿ ನಿರ್ಧಾರ ಮಾಡಿದ್ರು. ನಡೆದವನೂ ನೀರು ನೋಡಿಯೇ ನಿರ್ಧಾರ ಮಾಡಿದ. ನನ್ನ ಗೆಳೆಯ ಮಾತ್ರ ನಮ್ಮ ಮುಖ ನೋಡಿ ಇಳಿದ. ವ್ಯತ್ಯಾಸ ಇಷ್ಟೇ. ನಿಮ್ಮ ಲೈಕ್ ಹಗ್ಗ ಎಸೆಯಲ್ಲ.

6/6
ಆ ಕಾಮೆಂಟ್ ಈಗಲೇ ಡಿಲೀಟ್ ಮಾಡಿ. ಇದನ್ನ ಸೇವ್ ಮಾಡ್ಕೊಳ್ಳಿ: ರಭಸದ ನೀರಿಗೆ ಬಿದ್ರೆ ಎದ್ದು ನಿಲ್ಲೋಕೆ ಹೋಗ್ಬೇಡಿ, ಕಾಲು ಕಲ್ಲಿನ ಸಂದಿಗೆ ಸಿಕ್ಕಿಬಿಡುತ್ತೆ. ಅಂಗಾತ ಮಲಗಿ, ಕಾಲು ಮೇಲೆ, ಹರಿವಿನ ದಿಕ್ಕಿಗೆ ಮುಂದೆ. ಬಿದ್ದವನ ಹಿಂದೆ ಹಾರಬೇಡಿ, ಹಗ್ಗ ಎಸೀರಿ.

ಮುಂದಿನ ಸಲ ಯಾರಾದ್ರೂ ದಡದಲ್ಲಿ ನಿಂತು "ನಾನು ಬರಲ್ಲ" ಅಂದ್ರೆ "ಸರಿ ಬಾ, ಚಹಾ ಕುಡಿಯೋಣ" ಅನ್ನಿ. ಅಷ್ಟು ಸಾಕು.

#ಮಳೆಗಾಲ #ಕಯಾಕಿಂಗ್ #ಧಮ್ಅಂದ್ರೇನು